ಸದ್ದು ಮಾಡಿದ ಡಬ್ಬಿ

ಫೆಬ್ರವರಿ 6, ಗುರುವಾರ

ಇಪ್ಪತ್ನಾಲ್ಕಕ್ಕೆ ಎಂಟು. ಈಗಲೇ ಬರೆದಿಟ್ಟುಬಿಡುತ್ತೇನೆ. ಇಲ್ಲದಿದ್ದರೆ ನಾಳೆಗೆ ಅದು ಹನ್ನೊಂದಾಗಿ, ಭಾನುವಾರದ ಹೊತ್ತಿಗೆ "ಸ್ವಲ್ಪದರಲ್ಲಿ ತಪ್ಪಿತು" ಆಗಿಬಿಡುತ್ತದೆ. ನನ್ನನ್ನು ನಾನು ಬಲ್ಲೆ.

ಚಿಕ್ಕ ಚಿಕ್ಕ ಚೌಕದ ತುಂಡುಗಳನ್ನು ಒಂದಕ್ಕೊಂದು ಅಂಟಿಸಿದ ಒಂದು ಆಕಾರದ ಚಿತ್ರ, ಅಲ್ಲಲ್ಲಿ ಬಾಗಿದ ಕೊಳಾಯಿಯ ಹಾಗೆ. ಪಕ್ಕದಲ್ಲಿ ಇನ್ನೊಂದು ಚಿತ್ರ. ಇದನ್ನೇ ತಿರುಗಿಸಿದರೆ ಅದಾಗುತ್ತದೆಯೋ, ಇಲ್ಲ ಅದು ಇದರ ಕನ್ನಡಿ ಬಿಂಬವೋ? ಇಷ್ಟೇ ಪ್ರಶ್ನೆ. ಕಾಗದ ತಿರುಗಿಸುವಂತಿಲ್ಲ, ಎಲ್ಲ ತಲೆಯೊಳಗೇ ತಿರುಗಬೇಕು. ನಾನು ಕಾಗದ ಬಿಟ್ಟು ಕತ್ತು ತಿರುಗಿಸಿದೆ. ಹದಿಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕತ್ತೂ ಹಿಡಿಯಿತು, ಗಂಟೆಯೂ ಹೊಡೆಯಿತು.

ನಮ್ಮದು ಮನೆ ಸಾಮಾನು ಸಾಗಿಸುವ ಕಂಪನಿ. ಹೆಂಗಸರು ಒಳಗೆ ಕೂತು ಗಾಜು, ಪಿಂಗಾಣಿ, ಫೋಟೋ ಸುತ್ತುತ್ತೇವೆ. ಗಂಡಸರು ಹೊರುತ್ತಾರೆ. ಲಾರಿಯ ಹಿಂದೆ ಒಬ್ಬರು ನಿಂತಿರುತ್ತಾರೆ, ಲೋಡ್ ಜೋಡಿಸುವವರು. ಮನೆಯನ್ನು ಒಂದು ಸುತ್ತು ನೋಡಿ ಬಂದು ಬೀರು ಎಲ್ಲಿ, ಮಂಚ ಯಾವ ಮಗ್ಗುಲಲ್ಲಿ, ಸೋಫಾ ಮಗುಚಬೇಕೋ ನಿಲ್ಲಿಸಬೇಕೋ ಹೇಳುವುದು ಅವರ ಕೆಲಸ. ಇಟ್ಟದ್ದನ್ನು ಮತ್ತೆ ಇಳಿಸುವಂತೆ ಆಗಬಾರದು. ಜೋಡಿಸುವವರಲ್ಲಿ ಒಬ್ಬರು ಜೂನ್‌ನಲ್ಲಿ ನಿವೃತ್ತಿ ಆಗುತ್ತಾರೆ. ಆ ಜಾಗಕ್ಕೆ ಈ ಪರೀಕ್ಷೆ.

ನನಗೆ ಆ ಜಾಗ ಬೇಕು. ಹನ್ನೊಂದು ವರ್ಷ ಟೇಪ್ ಎಳೆದು ಬಲಗೈ ಮಣಿಕಟ್ಟು ಊದಿಕೊಂಡಿದೆ. ಈ ಕೆಲಸ ಬಿಡಿ, ಇಲ್ಲ ಕೈ ಬಿಡಿ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಲಾರಿಯ ಹಿಂದೆ ನಿಲ್ಲುವವರಿಗೆ ಬೇಕಾದದ್ದು ಬಾಯಿ ಮತ್ತು ತಲೆ. ಬಾಯಿ ಇದೆ.

ಒಟ್ಟು ಹನ್ನೊಂದು ಜನ ಕೂತಿದ್ದೆವು, ಹೆಂಗಸರಲ್ಲಿ ನಾನು ಮತ್ತು ಉದ್ದಜಡೆ. ನನ್ನ ಪಕ್ಕದಲ್ಲೇ ಕೂತು ತಟ್ಟೆ ಸುತ್ತುವವಳು ಅವಳು, ಅವಳಿಗೆ ಹತ್ತು ಬಂತು. ಹೆಚ್ಚಿನ ಗಂಡಸರಿಗೆ ಹದಿನಾಲ್ಕು, ಹದಿನೈದು. ಪಾಸಿಗೆ ಹದಿನೆಂಟು ಬೇಕಿತ್ತು, ಹಾಗಾಗಿ ಯಾರೂ ಪಾಸಾಗಲಿಲ್ಲ. ಬೀರು ಹೊರುವವನಿಗೆ, ನಾವೆಲ್ಲ ಗಡಾರಿ ಎನ್ನುವವನಿಗೆ, ಏಳು ಬಂದಿದೆ. ಆದರೆ ಅವನಿಗೆ ಇವತ್ತು ಜ್ವರವಂತೆ. ನಮ್ಮಿಬ್ಬರಿಗೆ ಜ್ವರ ಇರಲಿಲ್ಲವಾದ್ದರಿಂದ, "ಹೆಂಗಸರ ತಲೇಲಿ ಡಬ್ಬಿ ತಿರುಗಲ್ಲ ಬಿಡ್ರಪ್ಪ" ಎಂದು ಅವನೇ ತೀರ್ಪು ಕೊಟ್ಟ.

ಒಬ್ಬಳನ್ನು ಬಿಟ್ಟು. ಆ ಒಬ್ಬಳು ನಮ್ಮ ಅಕ್ಕ. ನಾಲ್ಕು ವರ್ಷದಿಂದ ಅವಳೇ ನಮ್ಮ ತಂಡದ ಲೋಡ್ ಜೋಡಿಸುವುದು. ಅವಳದ್ದು ಗಂಡು ತಲೆ ಎನ್ನುತ್ತಾರೆ. ಹೊಗಳಿಕೆ ಅಂತೆ.

ಫೆಬ್ರವರಿ 7, ಶುಕ್ರವಾರ

ಸಂಜೆ ಅಕ್ಕ ಬಂದಿದ್ದಳು. ಅಮ್ಮನ ಮುಂದೆ ಕೂತು ನನ್ನ ಕೈಗೆ ಎಣ್ಣೆ ತಿಕ್ಕಿದಳು. ಎಣ್ಣೆಗಿಂತ ಅವಳು ಬಂದದ್ದಕ್ಕೇ ಅರ್ಧ ನೋವು ಹೋಯಿತು.

"ಬೇಜಾರು ಮಾಡ್ಕೋಬೇಡ ಕಣೇ. ಇದು ಕಲಿಯೋ ವಿಷಯ ಅಲ್ಲ. ಇದ್ರೆ ಇರುತ್ತೆ, ಇಲ್ಲಾಂದ್ರೆ ಇಲ್ಲ. ನನಗೆ ಚಿತ್ರ ನೋಡ್ತಿದ್ದ ಹಾಗೇ ಅದೇ ತಿರುಗುತ್ತೆ, ನಾನೇನು ಮಾಡಲ್ಲ."

"ನಿನಗೆ ತಲೆ, ಇವಳಿಗೆ ಕೈ. ಚಿಕ್ಕವರಿದ್ದಾಗಿಂದ ಹಾಗೇ" ಎಂದಳು ಅಮ್ಮ. ಆ ಕೈಯೂ ಈಗ ಊದಿಕೊಂಡಿದೆ ಎಂಬುದು ಅಮ್ಮನಿಗೆ ಹೊಳೆಯಲಿಲ್ಲ.

ಮೂರು ತಿಂಗಳಿಗೆ ಇನ್ನೊಂದು ಅವಕಾಶ ಇದೆ. ಆದರೆ ಎರಡನೆಯ ಸಲ ಕೂರಲು ನಮ್ಮ ತಂಡದ ಲೋಡ್ ಜೋಡಿಸುವವರು ಅರ್ಜಿಗೆ ಸಹಿ ಹಾಕಬೇಕು, ಇವರನ್ನು ಮತ್ತೆ ಪರೀಕ್ಷಿಸಬಹುದು ಎಂದು. ಅರ್ಜಿ ಅಕ್ಕನ ಕೈಗೇ ಕೊಟ್ಟೆ.

"ಹಾಕ್ತೀನಿ ಬಿಡು, ನಾನು ಹಾಕದೆ ಇನ್ಯಾರು ಹಾಕ್ತಾರೆ" ಎಂದು ಮಡಿಸಿ ಬ್ಯಾಗಿಗೆ ಇಟ್ಟುಕೊಂಡಳು.

ಫೆಬ್ರವರಿ 26, ಬುಧವಾರ

ಮರುಪರೀಕ್ಷೆಯ ಪಟ್ಟಿ ಬಂತು. ನನ್ನ ಹೆಸರಿಲ್ಲ. ಏಳು ಬಂದಿದ್ದ ಗಡಾರಿಯ ಹೆಸರಿದೆ.

"ನಾನು ಹಾಕಿದ್ದೆ ಕಣೇ, ಮೇಲಿನವರು ಹೊಡೆದುಹಾಕಿದ್ದಾರೆ. ಅವರಿಗೆ ಹೆಂಗಸರು ಅಂದ್ರೆ ಅಷ್ಟೇ" ಎಂದು ಅಕ್ಕ ಹಲ್ಲು ಕಡಿದಳು. ಅವಳ ಸಿಟ್ಟು ನೋಡಿ ನಾನೇ ಸಮಾಧಾನ ಮಾಡಬೇಕಾಯಿತು.

ಉದ್ದಜಡೆ ಅರ್ಜಿಯನ್ನೇ ಹಾಕಿರಲಿಲ್ಲ. "ಆ ಕೊಳಾಯಿ ಚಿತ್ರದ ಸಹವಾಸ ಈ ವರ್ಷಕ್ಕೆ ಸಾಕಮ್ಮ" ಎಂದಳು. ಮಧ್ಯಾಹ್ನ ನನ್ನ ಕೈ ನೋಡಿ, ನಾನು ಕೇಳದೆಯೇ ನನ್ನ ಪಾಲಿನ ಟೇಪ್ ಎಲ್ಲ ಅವಳೇ ಎಳೆದಳು.

ಮಾರ್ಚ್ 16, ಭಾನುವಾರ

ಇವತ್ತು ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಅಕ್ಕ ಮನೆ ಬದಲಾಯಿಸುತ್ತಿದ್ದಾಳೆ. ರಜೆಯ ದಿನ ನಾನೇ ಹೋಗಿ ಕಟ್ಟಿಕೊಡುತ್ತೇನೆ ಎಂದಿದ್ದೆ. ಅವಳು ಕೆಳಗೆ ಲಾರಿಯ ಹತ್ತಿರ, ನಾನು ಮೇಲೆ ಮಲಗುವ ಕೋಣೆಯಲ್ಲಿ. ಬೀರುವಿನ ತಲೆಯ ಮೇಲೆ ಹಗ್ಗ ಸುತ್ತಿದ ಒಂದು ಶೂ ಡಬ್ಬಿ ಇತ್ತು.

ನಮ್ಮ ಕೆಲಸದಲ್ಲಿ ಒಂದು ನಿಯಮ ಉಂಟು. ಮನೆಯವರು ಮುಚ್ಚಿಟ್ಟ ಡಬ್ಬಿಯನ್ನು ಬಿಚ್ಚಬಾರದು. ಎತ್ತಿ ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಬೇಕು. ಸದ್ದಿಲ್ಲದಿದ್ದರೆ ಹಾಗೇ ಕಟ್ಟಬೇಕು. ಸದ್ದು ಬಂದರೆ ಮಾತ್ರ ಬಿಚ್ಚಿ, ಸಂದಿಗೆ ಕಾಗದ ತುರುಕಿ ಮುಚ್ಚಬೇಕು. ಒಳಗೇನಿದೆ ಎಂದು ನೋಡಬಾರದು, ಎಲ್ಲಿ ಸಡಿಲವಿದೆ ಎಂದಷ್ಟೇ ನೋಡಬೇಕು. ಹನ್ನೊಂದು ವರ್ಷದಲ್ಲಿ ಎಷ್ಟು ಮನೆಗಳ ಎಷ್ಟು ಗುಟ್ಟನ್ನು ಹೀಗೆ ನೋಡದೆ ಕಟ್ಟಿದ್ದೇನೋ.

ಇದು ಗಡಗಡ ಸದ್ದು ಮಾಡಿತು. ಬಿಚ್ಚಿದೆ.

ಕೆಂಪು, ನೀಲಿ ಮರದ ಚೌಕಗಳು. ನನ್ನ ಮಗಳ ಆಟದ ಚೌಕಗಳು! ಐದು ವರ್ಷದ ಹಿಂದೆ, ಅವಳಿಗೆ ನಾಲ್ಕು ವರ್ಷವಿದ್ದಾಗ, "ಪಕ್ಕದ ಮನೆ ಮಗುಗೆ ಎರಡು ದಿನಕ್ಕೆ ಬೇಕು" ಎಂದು ಅಕ್ಕ ಒಯ್ದಿದ್ದಳು. ಆಮೇಲೆ ಆ ಮನೆಯವರು ಊರು ಬಿಟ್ಟರು, ಚೌಕ ಅವರ ಜೊತೆ ಹೋಯಿತು ಎಂದಿದ್ದಳು. ಮಗಳು ಒಂದು ವಾರ ಅತ್ತಿದ್ದಳು. ಒಂದು ನೀಲಿ ತುಂಡಿನ ಮೂಲೆಯಲ್ಲಿ ಅವಳ ಹಲ್ಲಿನ ಗುರುತು ಇನ್ನೂ ಇದೆ. ಎಲ್ಲವನ್ನೂ ಗೋಂದು ಹಾಕಿ ಅಂಟಿಸಿ ಆಕಾರ ಮಾಡಿದ್ದಾಳೆ. ಅವೇ, ಪರೀಕ್ಷೆಯ ಬಾಗಿದ ಕೊಳಾಯಿಗಳು. ಹದಿನಾರು ಇವೆ, ಅವುಗಳಲ್ಲಿ ಎಂಟು ಉಳಿದೆಂಟರ ಕನ್ನಡಿ ಬಿಂಬ.

ಕೆಳಗೆ ಕಾಗದಗಳು. ಕೈಯಲ್ಲೇ ಬರೆದ ಚಿತ್ರಗಳು, ಪ್ರತಿ ಹಾಳೆಯ ತಲೆಗೆ ತಾರೀಕು ಮತ್ತು ಅಂಕ. ಮೊದಲ ಹಾಳೆ ಆರು. ಆಮೇಲೆ ಒಂಬತ್ತು, ಒಂಬತ್ತು, ಎಂಟು, ಹನ್ನೊಂದು. ಎಂಟು ತಿಂಗಳು ಬಿಡದೆ ಬರೆದಿದ್ದಾಳೆ. ಕೊನೆಯದು ಇಪ್ಪತ್ತೆರಡು.

ಆರು. ನನಗಿಂತ ಎರಡು ಕಡಿಮೆ. "ಅದೇ ತಿರುಗುತ್ತೆ, ನಾನೇನು ಮಾಡಲ್ಲ" ಎಂದವಳು. ನನ್ನ ಕೈಗೆ ಎಣ್ಣೆ ತಿಕ್ಕುತ್ತಾ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳಲ್ಲ!

ಕೂಗಾಡಬೇಕಿತ್ತು. ಅದರ ಬದಲು ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಕಟ್ಟಲು ಹೋದ ಮನೆಯಿಂದ ಒಂದು ಗುಂಡುಸೂಜಿಯನ್ನೂ ತಂದವಳಲ್ಲ ನಾನು. ಇವತ್ತು ಕದ್ದೆ. ಕದ್ದದ್ದೋ, ನನ್ನ ಮಗಳದ್ದನ್ನು ವಾಪಸು ತಂದದ್ದೋ, ಯಾರಾದರೂ ತೀರ್ಮಾನಿಸಲಿ.

ಕಲಿತದ್ದನ್ನು ಒಬ್ಬರಿಗೆ ಹೇಳಿದರೆ ಏನು ಸವೆಯುತ್ತದೆ? ನಾನಾಗಿದ್ದರೆ ಮಾರನೆಯ ದಿನವೇ ಡಬ್ಬಿಯನ್ನು ಎಲ್ಲರ ಮುಂದೆ ಸುರಿಯುತ್ತಿದ್ದೆ, ಬನ್ನಿ, ನೋಡಿ, ತಿರುಗಿಸಿ ಎಂದು.

ಮಾರ್ಚ್ 18, ಮಂಗಳವಾರ

ಅಕ್ಕ ಇವತ್ತು ಊಟದ ಹೊತ್ತಿಗೆ ಪಕ್ಕ ಬಂದು ಕೂತಳು.

"ಒಂದು ಶೂ ಡಬ್ಬಿ ಕಾಣ್ತಿಲ್ಲ ಕಣೇ."

"ಯಾವ್ದು ಅಕ್ಕ? ಏನಿತ್ತು ಅದರಲ್ಲಿ?"

ಅವಳ ಮುಖ ನೋಡಿದೆ. ನನ್ನ ಮುಖವನ್ನು ಅವಳೂ ನೋಡಿದಳು.

"ಏನಿಲ್ಲ. ಹಳೇ ಚಪ್ಪಲಿ."

"ಹಳೇ ಚಪ್ಪಲಿ ತಾನೇ, ಹೋಗ್ಲಿ ಬಿಡು" ಎಂದೆ. ಅವಳು ಊಟ ಅರ್ಧಕ್ಕೇ ಬಿಟ್ಟಳು. ನನಗೂ ಬೇಡವಾಗಿತ್ತು, ಆದರೆ ತಿಂದೆ.

ಮಾರ್ಚ್ 20, ಗುರುವಾರ

ದೊಡ್ಡ ಮೇಸ್ತ್ರಿಯ ಕೋಣೆಗೆ ಹೋದೆ. ಅರ್ಧ ದಿನ ಕಾದೆ. ಅಷ್ಟು ಹೊತ್ತೂ ನನ್ನ ಪಾಲಿನ ಅರವತ್ತು ತಟ್ಟೆ ಸುತ್ತಿದವಳು ಉದ್ದಜಡೆ, ಯಾಕೆ ಎತ್ತ ಎಂದು ಕೇಳದೆ.

"ನನ್ನ ಅರ್ಜಿ ಮೇಲಿನವರು ಯಾಕೆ ಹೊಡೆದುಹಾಕಿದ್ರು ಸರ್?"

"ಮೇಲಿನವರು ಯಾರಮ್ಮ? ಮೇಲೆ ಇರೋದು ನಾನೊಬ್ಬನೇ." ಕಡತ ತೆಗೆದು ನನ್ನ ಕಡೆ ತಿರುಗಿಸಿದರು. ನನ್ನ ಅರ್ಜಿಯ ಕೆಳಗೆ ಷರಾ: "ಮರುಪರೀಕ್ಷೆಯಿಂದ ಪ್ರಯೋಜನವಿಲ್ಲ. ಹುಟ್ಟಿನಿಂದ ಬರಬೇಕಾದದ್ದು." ಚಿಕ್ಕಂದಿನಲ್ಲಿ ನನ್ನ ಕೈಹಿಡಿದು ತಿದ್ದಿಸಿದ ಅಕ್ಕನ ಅದೇ ದುಂಡು ಅಕ್ಷರ.

ಅಲ್ಲಿ ಅಳಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅತ್ತೆ. ಡಬ್ಬಿ ಬಚ್ಚಿಟ್ಟದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಕೈ ಹೋಗುತ್ತಿದೆ ಎಂದು ಗೊತ್ತಿದ್ದೂ ಇದನ್ನು ಬರೆದಳಲ್ಲ, ಇದನ್ನು ನುಂಗಲಾರೆ.

ಮೇಸ್ತ್ರಿ ಕೊನೆಗೆ, "ಅಕ್ಕ ತಂಗಿ ಜಗಳಕ್ಕೆ ನನ್ನ ಸಹಿ ಬೇರೆ" ಎಂದು ಗೊಣಗುತ್ತಾ ತಾವೇ ಸಹಿ ಹಾಕಿದರು. ಪರೀಕ್ಷೆ ಮೇ ಎಂಟಕ್ಕೆ.

ಮಾರ್ಚ್ 23, ಭಾನುವಾರ

ಒಂಬತ್ತು.

ಮಾರ್ಚ್ 27, ಗುರುವಾರ

ಮತ್ತೆ ಒಂಬತ್ತು. ಮಗಳು ಚೌಕಗಳನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ನನ್ನದು! ಯಾರಮ್ಮ ಅಂಟಿಸಿಬಿಟ್ಟಿದ್ದು?" ದೊಡ್ಡಮ್ಮ ಎಂದು ಹೇಳಲಿಲ್ಲ. ಸಂಜೆ ಅವಳೇ ನನ್ನ ಮೇಷ್ಟ್ರು. ಒಂದು ಆಕಾರ ತೋರಿಸುತ್ತಾಳೆ, ಟವೆಲ್ಲಿನ ಕೆಳಗೆ ಬಚ್ಚಿಟ್ಟು ತಿರುಗಿಸುತ್ತಾಳೆ, ಹೊರಗೆ ತೆಗೆದು ಅದೇನಾ ಬೇರೆಯಾ ಎನ್ನುತ್ತಾಳೆ. ತಪ್ಪಿದರೆ ಕೈ ಚಾಚು ಎಂದು ಅಡಿಪಟ್ಟಿಯಲ್ಲಿ ಮೆಲ್ಲಗೆ ಹೊಡೆಯುತ್ತಾಳೆ. ಎಡಗೈಗೆ.

ಏಪ್ರಿಲ್ 2, ಬುಧವಾರ

ಇವತ್ತು ಒಂದು ಮನೆಯಲ್ಲಿ ನಲವತ್ತು ಜೊತೆ ಶೂ ಕಟ್ಟಿದೆ. ಅಲ್ಲೇ ಹೊಳೆಯಿತು. ಎಡಗಾಲಿನ ಶೂವನ್ನು ಮಲಗಿಸು, ಮಗುಚು, ತಲೆಕೆಳಗು ಮಾಡು, ಅದು ಎಡಗಾಲಿನದೇ. ಬಲಗಾಲಿನದು ಆಗುವುದೇ ಇಲ್ಲ. ಕನ್ನಡಿ ಬಿಂಬ ಎಂದರೆ ಅಷ್ಟೇ! ಆಕಾರವನ್ನು ಪೂರ್ತಿ ತಿರುಗಿಸಬೇಕಾಗಿಲ್ಲ. ಮೊದಲು ಒಂದು ತುದಿಯನ್ನು ಹಿಡಿದುಕೊಳ್ಳಬೇಕು, ಆಮೇಲೆ ಅದರ ಬಾಗು ಎಡಕ್ಕೋ ಬಲಕ್ಕೋ ಎಂದು ಕೇಳಬೇಕು.

ನಾನೇ ಎದ್ದು ಕುಣಿಯುವಷ್ಟು ಖುಷಿಯಾಯಿತು. "ಏನೇ ಒಬ್ಬಳೇ ನಗ್ತಿದೀಯಾ?" ಎಂದಳು ಉದ್ದಜಡೆ. ಏನಿಲ್ಲ, ಮಗಳು ಏನೋ ಅಂದಿದ್ದು ನೆನಪಾಯಿತು ಎಂದೆ. ಅವಳಿಗೆ ಯಾಕೆ ಸುಮ್ಮನೆ ತಲೆಬಿಸಿ.

ಸಂಜೆ ಹದಿಮೂರು.

ಏಪ್ರಿಲ್ 19, ಶನಿವಾರ

ಹದಿನೇಳು. ಈಗ ಬಸ್ಸಿನಲ್ಲಿ ಕೂತರೂ ಎದುರಿನ ಸೀಟು ಮಗುಚಿಕೊಳ್ಳುತ್ತದೆ. ಅಮ್ಮ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರೆ, ಆ ಕುರ್ಚಿಯನ್ನು ಮೇಜಿನ ಕೆಳಗೆ ಹೇಗೆ ನುಗ್ಗಿಸಬಹುದು ಎಂದು ನೋಡುತ್ತಿರುತ್ತೇನೆ. ಅಮ್ಮನನ್ನು ಮೊದಲು ಇಳಿಸಬೇಕು.

ಕೆಲಸದಲ್ಲಿ ಅಕ್ಕ ಲೋಡ್ ಜೋಡಿಸುವುದನ್ನು ಕಿಟಕಿಯಿಂದ ನೋಡಿದೆ. ಬಟ್ಟೆ ಒಗೆಯುವ ಯಂತ್ರವನ್ನು ಎಡಕ್ಕೆ ಇಡಿಸಿದಳು. ಬಲಕ್ಕೆ ಇಟ್ಟಿದ್ದರೆ ಒಂದು ಗೇಣು ಉಳಿಯುತ್ತಿತ್ತು.

ಮೇ 8, ಗುರುವಾರ

ಇಪ್ಪತ್ತೊಂದು. ಇಪ್ಪತ್ತೊಂದು! ಗಡಾರಿಗೆ ಹದಿಮೂರು. ಈ ಸಲ ಜ್ವರವಿರಲಿಲ್ಲ.

ಪರೀಕ್ಷೆ ನಡೆಸುವವರು ಹಳೆಯ ಹಾಳೆ, ಹೊಸ ಹಾಳೆ ಪಕ್ಕ ಪಕ್ಕ ಇಟ್ಟು ಕನ್ನಡಕ ಮೇಲೆತ್ತಿದರು.

"ಎಂಟರಿಂದ ಇಪ್ಪತ್ತೊಂದಾ? ಅಭ್ಯಾಸ ಮಾಡಿದ್ರಾ?"

"ಇಲ್ಲ ಸರ್. ಅವತ್ತು ತಲೆನೋವಿತ್ತು."

"ಮಾಡಿದ್ರೆ ತಪ್ಪೇನಿಲ್ಲಮ್ಮ. ಮೊದಲ ಸಲ ಗಂಡಸರು ಸ್ವಲ್ಪ ಮುಂದಿರ್ತಾರೆ, ನಿಜ. ಆದ್ರೆ ಕೂತು ತಿಂಗಳುಗಟ್ಟಲೆ ಮಾಡಿದವರದ್ದು ಯಾರದ್ದೇ ಆಗ್ಲಿ ಏರುತ್ತೆ, ನಾನು ಎಷ್ಟೋ ನೋಡಿದ್ದೀನಿ. ಜನ ಮೊದಲ ದಿನದ ಅಂಕ ನೋಡಿ ಜಾತಕ ಬರೆದುಬಿಡ್ತಾರೆ."

ಒಳ್ಳೆಯ ಮನುಷ್ಯ. ಯಾಕೆ ತಲೆನೋವು ಎಂದೆನೋ, ಬಾಯಿಗೆ ಅದೇ ಬಂತು.

ಮೇ 9, ಶುಕ್ರವಾರ

ಅಕ್ಕ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಡಬ್ಬಿ ನಿನ್ನ ಹತ್ರಾನೇ ಇದೆ ಅಲ್ವಾ?"

"ನನ್ನ ಮಗಳ ಚೌಕ. ನನ್ನ ಮಗಳ ಹತ್ರ ಇದೆ."

ಅಮ್ಮ ಅಡುಗೆಮನೆಯಿಂದ ಇಣುಕಿ ಮತ್ತೆ ಒಳಗೆ ಹೋದಳು. "ಯಾಕಕ್ಕ ಹಾಗೆ ಬರೆದೆ?" ಎಂದಷ್ಟೇ ಕೇಳಿದೆ.

"ಮೊದಲ ವಾರ ನಾನು ಒಂದು ಮಂಚ ಉಲ್ಟಾ ಇಡಿಸಿದ್ದೆ ಕಣೇ. ಅಷ್ಟೂ ಜನ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಯಾರೋ ಇವಳದ್ದು ಗಂಡು ತಲೆ ಅಂದ್ರು ನೋಡು, ಅವತ್ತಿಂದ ನಗೋದು ನಿಂತೋಯ್ತು. ನಾನು ತಪ್ಪು ಮಾಡಿದ್ರೂ ಅದರಲ್ಲೇನೋ ಲೆಕ್ಕಾಚಾರ ಇರ್ಬೇಕು ಅನ್ನೋ ಹಾಗಾಯ್ತು. ಮಗುವಿನ ಚೌಕ ಇಟ್ಕೊಂಡು ಎಂಟು ತಿಂಗಳು ಉರು ಹೊಡೆದೆ ಅಂತ ಗೊತ್ತಾದ್ರೆ?"

"ಅವರಿಗೆ ಹೇಳಬೇಡ. ನನಗೆ ಹೇಳಬಹುದಿತ್ತು."

ಅವಳು ಹೋಗಲು ತಿರುಗಿದಳು. "ನಿನಗೂ ಬಂದುಬಿಟ್ರೆ, ಅದೇನು ದೊಡ್ಡದು ಅಂತಾರಲ್ಲ."

ಹೋದಳು. ಕೂಗಿ ಕರೆಯಬೇಕೆನಿಸಿತು, ಕರೆಯಲಿಲ್ಲ. ನನಗೆ ಅಕ್ಕ ಎಂದರೆ ಅಮ್ಮನಿಗಿಂತ ಒಂದು ಕೈ ಹೆಚ್ಚಾಗಿದ್ದಳು. ಆ ಲೆಕ್ಕಕ್ಕೆ ಇವತ್ತು ನನಗೆ ತಾಯಿ ಸತ್ತಷ್ಟೇ ದುಃಖವಾಗಿದೆ. ಇದನ್ನು ಅಮ್ಮ ಓದಬಾರದು.

ಜೂನ್ 11, ಬುಧವಾರ

ಮೊದಲ ಲೋಡ್. ಮೂರು ಕೋಣೆಯ ಮನೆ. ಮೆಟ್ಟಿಲ ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. "ಕಾಲು ಮೇಲೆ ಮಾಡಿ, ಬಾಗಿಲು ಗೋಡೆ ಕಡೆಗೆ, ಈಗ ಬಲಕ್ಕೆ ಹೊರಳಿಸಿ" ಎಂದೆ. ಹೋಯಿತು. ಮಣಿಕಟ್ಟಿಗೆ ಇಡೀ ದಿನ ಒಂದು ಅಂಗುಲ ಟೇಪಿನ ಕೆಲಸವಿಲ್ಲ.

"ಅಕ್ಕಂದೇ ತಲೆ, ಮನೆತನದಲ್ಲೇ ಇದೆ" ಎಂದ ಗಡಾರಿ. ಉಳಿದವರೂ ಹೌದು ಹೌದು ಎಂದರು. ನಗು ಬಂತು. ತಿದ್ದಲು ಹೋಗಲಿಲ್ಲ, ಬೀರು ಇನ್ನೂ ಅವರ ಹೆಗಲ ಮೇಲಿತ್ತು.

ಅಕ್ಕನನ್ನು ಬೇರೆ ತಂಡಕ್ಕೆ ಹಾಕಿದ್ದಾರೆ. ನಮ್ಮ ತಂಡಕ್ಕೆ ನಾನೇ.

ಜುಲೈ 22, ಮಂಗಳವಾರ

ಇವತ್ತು ಒಂದು ಫ್ರಿಜ್ ಅನ್ನು ತಪ್ಪಾಗಿ ಇಡಿಸಿ, ಇಳಿಸಿ, ಮತ್ತೆ ಇಡಿಸಿದೆ. ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. "ಏನೋ ಯೋಚನೆ ಇರ್ಬೇಕು ಅಕ್ಕಂಗೆ" ಎಂದರು. ಈಗ ಎಲ್ಲರೂ ನನ್ನನ್ನೇ ಅಕ್ಕ ಎನ್ನುತ್ತಾರೆ.

ಸೆಪ್ಟೆಂಬರ್ 4, ಗುರುವಾರ

ಹೊಸ ಲಾರಿ ಬರುತ್ತಿದೆ, ಜೋಡಿಸುವವರು ಇನ್ನೊಬ್ಬರು ಬೇಕಂತೆ. ಪರೀಕ್ಷೆ ಮುಂದಿನ ತಿಂಗಳು.

ಸಂಜೆ ಉದ್ದಜಡೆ ಲಾರಿಯ ಹತ್ತಿರ ಬಂದಳು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಅವಳಿಗೂ ಶುರುವಾಗಿದೆ. ಅರ್ಜಿ ಚಾಚಿದಳು.

"ನೀನೇ ಸಹಿ ಹಾಕ್ಬೇಕಂತೆ ಕಣೇ. ಕಳೆದ ಸಲ ನನಗೆ ಹತ್ತು ಬಂದಿತ್ತು, ನಿನಗಿಂತ ಎರಡು ಜಾಸ್ತಿ, ನೆನಪಿದ್ಯಾ?" ಎಂದು ನಕ್ಕಳು. "ನಿನಗೆ ಹೇಗೆ ಬಂತು ಹೇಳೇ. ಏನಾದ್ರೂ ಓದಿದ್ಯಾ? ಮನೇಲಿ ಕೂತು ಮಾಡೋಕೆ ಏನಾದ್ರೂ ಇದ್ಯಾ?"

ಗಡಾರಿ ಮತ್ತು ಇನ್ನಿಬ್ಬರು ಅಲ್ಲೇ ಹಗ್ಗ ಸುತ್ತುತ್ತಿದ್ದರು.

"ಓದೋದೇನಿಲ್ಲ ಕಣೇ, ಅದು ಹಾಗೇ ಬರ್ಬೇಕು" ಎಂದೆ. "ಅರ್ಜಿ ಕೊಡು. ಹಾಕ್ತೀನಿ ಬಿಡು, ನಾನು ಹಾಕದೆ ಇನ್ಯಾರು ಹಾಕ್ತಾರೆ."

ಬಸ್ಸಿಗೆ ಹೊತ್ತಾಗಿತ್ತು, ಅರ್ಜಿ ಬ್ಯಾಗಿನಲ್ಲೇ ಇದೆ. ಅವಸರವೇನಿಲ್ಲ, ಅದನ್ನು ಕೊಡಲು ಇನ್ನೂ ಹತ್ತು ದಿನವಿದೆ, ನಾಳೆ ನೋಡಿದರಾಯಿತು. ಅವಳದ್ದು ಮೆದು ಸ್ವಭಾವ. ಲಾರಿಯ ಹಿಂದೆ ನಿಂತು ಇವರ ನಗು ತಡೆದುಕೊಳ್ಳುವುದು ಅವಳಿಂದ ಆಗುತ್ತದೋ ಇಲ್ಲವೋ. ಸುಮ್ಮನೆ ಆಸೆ ಹುಟ್ಟಿಸುವುದೂ ಪಾಪವೇ.

ಮನೆಗೆ ಬಂದ ಮೇಲೆ ಶೂ ಡಬ್ಬಿಯನ್ನು ಬೀರುವಿನ ತಲೆಯ ಮೇಲೆ ಹಿಂದಕ್ಕೆ ಸರಿಸಿಟ್ಟೆ. ಮಗಳು ಈಗ ಅದರ ಜೊತೆ ಆಡುವುದಿಲ್ಲ, ಹಾಗೆ ಎದುರಿಗೆ ಬಿದ್ದಿರುವುದು ಬೇಡ. ಇಡುವ ಮುಂಚೆ ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಗಡಗಡ ಎಂದಿತು. ಬಿಚ್ಚಿ ಸಂದಿಗೆಲ್ಲ ಕಾಗದ ತುರುಕಿದೆ. ಈಗ ಯಾರು ಎತ್ತಿ ನೋಡಿದರೂ ಸದ್ದು ಬರುವುದಿಲ್ಲ.